ವಿಡಿಯೋ ಸಭೆಯ ಲೈಸನ್ಸನ್ನು ಮಧ್ಯವರ್ತಿಯಿಂದ ಕೊಳ್ಳುವ ಮುನ್ನ ಇದನ್ನು ಓದಿ

ಹುಬ್ಬಳ್ಳಿಯಲ್ಲಿ ನೀರೆತ್ತುವ ಪಂಪುಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನಮ್ಮದು. ವ್ಯವಹಾರಕ್ಕೆಂದು ವಿಡಿಯೋ ಸಭೆಯ ಸೇವೆ ಕೊಳ್ಳಲು ಹೊರಟಿರುವವರು, ಅದರಲ್ಲೂ ಕಂಪನಿಯಿಂದ ನೇರವಾಗಿ ಕೊಳ್ಳದೆ ಮಧ್ಯದ ಮಾರಾಟಗಾರರಿಂದ ಕೊಳ್ಳಲು ಹೊರಟಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನನಗೆ 92,040 ರೂಪಾಯಿ ಹೋಯಿತು. ಅದು ಹೋದರೆ ಹೋಗಲಿ ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷಗಳಿಂದ ನನ್ನ ಮಾತಿನ ಮೇಲೆ ಸರಕು ಎತ್ತುತ್ತಿರುವ ಡೀಲರುಗಳ ಎದುರು ಮರ್ಯಾದೆ ಹೋಯಿತು.

ಬಿಜಾಪುರದಿಂದ ಕೊಪ್ಪಳದವರೆಗೆ ನಮಗೆ ನೂರನಲವತ್ತು ಡೀಲರುಗಳಿದ್ದಾರೆ. ಪ್ರತಿ ತಿಂಗಳು ಅವರನ್ನೆಲ್ಲ ಒಂದು ಕಡೆ ಕರೆಸಿ ಊಟ ಹಾಕಿ ದರಪಟ್ಟಿ ವಿವರಿಸುವುದು ಕೈಗೆಟುಕದ ಖರ್ಚಾದ್ದರಿಂದ ವಿಡಿಯೋ ಸಭೆಯೇ ಸರಿ ಎಂದುಕೊಂಡೆವು. ಉಚಿತ ಆವೃತ್ತಿಗಳ ಮಿತಿ ಎಲ್ಲರಿಗೂ ಗೊತ್ತಿರುವಂಥದ್ದೇ: ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್‌ಗಳಲ್ಲಿ ಗುಂಪಿನ ಸಭೆಗೆ 60 ನಿಮಿಷ, ಇನ್ನು ಕೆಲವು ಕಡೆ 40 ನಿಮಿಷ, ಜನರ ಲೆಕ್ಕವಂತೂ ಹೆಚ್ಚಿನ ಕಡೆ 100ರ ಆಸುಪಾಸಿಗೆ ನಿಲ್ಲುತ್ತದೆ. ಹಾಗಾಗಿ ಹಣ ಕೊಟ್ಟು ಕೊಳ್ಳಲೇಬೇಕಿತ್ತು.

ಮಾರ್ಚ್ ಕೊನೆಯ ವಾರದಲ್ಲಿ ಬೆಂಗಳೂರಿನ ಒಂದು ಸಂಸ್ಥೆಯ ಹುಡುಗ ಬಂದ. ಜಗತ್ತಿಗೆಲ್ಲ ಗೊತ್ತಿರುವ ಒಂದು ಸೇವೆಯ ಅಧಿಕೃತ ಪಾಲುದಾರರು ತಾವೆಂದು ಹೇಳಿ, 300 ಜನ ಸೇರಬಹುದಾದ ಪ್ಯಾಕೇಜನ್ನು ವರ್ಷಕ್ಕೆ 78,000 ರೂಪಾಯಿ ಮತ್ತು ಜಿಎಸ್‌ಟಿಗೆ ಕೊಡುವುದಾಗಿ, ಆ ದರ 31ನೇ ತಾರೀಖಿನವರೆಗೆ ಮಾತ್ರವೆಂದು ಅವಸರಪಡಿಸಿದ. ಡೆಮೊ ಅದ್ಭುತವಾಗಿತ್ತು. ಆಗದೆ ಏನು? ಅವರ ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಮೂವರು ನಮ್ಮೊಂದಿಗೆ ಮಾತನಾಡಿದ್ದರು. ಮುಧೋಳದ ಅಂಗಡಿಯಲ್ಲಿ ಮೊಬೈಲು ಹಿಡಿದು ನಿಂತ ಡೀಲರ್ ಯಾರೂ ಅದರಲ್ಲಿರಲಿಲ್ಲ.

ಇಲ್ಲಿ ಒಂದು ಮಾತನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಹುಡುಗಿ, ಇಡೀ ಖಾತೆಯನ್ನು ನಿಯಂತ್ರಿಸುವ ಅಡ್ಮಿನ್ ಲಾಗಿನ್ ಬಗ್ಗೆ ಅಂದೇ ಕೇಳಿದ್ದಳು: "ಸರ್, ಅಡ್ಮಿನ್ ಲಾಗಿನ್ ನಮ್ಮ ಹೆಸರಿಗೆ ಬರುತ್ತದೆಯೋ, ಅವರ ಹೆಸರಲ್ಲೇ ಇರುತ್ತದೆಯೋ?" ಆ ಹುಡುಗ ನಕ್ಕು, "ಅದರ ತಲೆನೋವು ನಿಮಗ್ಯಾಕೆ ಮೇಡಂ, ಎಲ್ಲ ನಾವೇ ಮ್ಯಾನೇಜ್ ಮಾಡುತ್ತೇವೆ" ಎಂದ. ನಾನೂ ಆಕೆಗೆ, ಎಲ್ಲದರಲ್ಲೂ ಅಡ್ಡಬಾಯಿ ಹಾಕಬೇಡ ಎಂದು ಅವನ ಎದುರಿಗೇ ಗದರಿದೆ. ಅವಳು ಕೇಳಿದ ಆ ಒಂದೇ ಪ್ರಶ್ನೆಯಲ್ಲಿ ಇಡೀ ಮೋಸ ಅಡಗಿತ್ತು.

ಮೊದಲ ಎರಡು ತಿಂಗಳ ಸಭೆಗೆ ಅರವತ್ತು ಎಪ್ಪತ್ತು ಜನ ಬಂದಿದ್ದರು, ಒಂದೂವರೆ ತಾಸು ನಡೆಯಿತು, ತೊಂದರೆಯಾಗಲಿಲ್ಲ. ಮೂರನೆಯದು ಹೊಸ ಮಾದರಿಯ ಬಿಡುಗಡೆಯ ಸಭೆ. ಎಲ್ಲ ನೂರನಲವತ್ತು ಜನರಿಗೂ ಲಿಂಕ್ ಹೋಗಿತ್ತು. ನಾಲ್ಕು ಗಂಟೆಗೆ ಶುರುವಾಯಿತು, ನಾಲ್ಕೂಕಾಲಿಗೆ ಫೋನುಗಳು ಬಡಿದುಕೊಳ್ಳತೊಡಗಿದವು: ಒಳಗೆ ಸೇರಲು ಆಗುತ್ತಿಲ್ಲ, ಸಭೆ ತುಂಬಿದೆ ಎಂದು ತೋರಿಸುತ್ತಿದೆ. ಮುನ್ನೂರು ಜನರಿಗೆ ಹಣ ಕಟ್ಟಿದ ಸಭೆ ನೂರಕ್ಕೇ ತುಂಬಿತ್ತು! ನೆಟ್‌ವರ್ಕಿನ ದೋಷವಿರಬೇಕೆಂದು ನಾನು ಮಾತು ಮುಂದುವರಿಸಿದೆ. ಪರದೆಯ ಮೇಲೆ ಸಭೆ ಇನ್ನು ಹತ್ತು ನಿಮಿಷದಲ್ಲಿ ಮುಗಿಯಲಿದೆ ಎಂಬ ಸಣ್ಣ ಸೂಚನೆ ಬಂದದ್ದನ್ನೂ ಜಾಹೀರಾತೆಂದು ತಿಳಿದು ಒತ್ತಿ ಅಳಿಸಿದೆ. ಸರಿಯಾಗಿ ನಲವತ್ತನೆಯ ನಿಮಿಷಕ್ಕೆ, ಹೊಸ ಇಂಪೆಲ್ಲರನ್ನು (ಪಂಪಿನೊಳಗೆ ತಿರುಗುವ ಚಕ್ರ) ಕೈಯಲ್ಲಿ ಹಿಡಿದು ತೋರಿಸುತ್ತಿರುವಾಗಲೇ, ಎಲ್ಲ ಮುಖಗಳೂ ಒಮ್ಮೆಲೇ ಮಾಯವಾದವು. ಅದೇ ಲಿಂಕಿನಿಂದ ಮತ್ತೆ ಬನ್ನಿ ಎಂದು ಸಂದೇಶ ಕಳಿಸಿದರೆ ಅರ್ಧದಷ್ಟು ಜನರೂ ಮರಳಲಿಲ್ಲ. ಮರಳಿದವರಲ್ಲಿ ಗದಗಿನ ಹಿರಿಯ ಡೀಲರೊಬ್ಬರು ಎಲ್ಲರಿಗೂ ಕೇಳುವಂತೆ, "ಏನ್ರೀ ಸಾಹುಕಾರ್ರ, ಇದಕ್ಕ ರೊಕ್ಕಾ ತುಂಬಿಲ್ಲೇನ್ರೀ?" ಎಂದರು. ಎಲ್ಲರೂ ನಕ್ಕರು. ರೊಕ್ಕ ತುಂಬಿದ್ದೇನೆ ಎಂದು ಹೇಳಲೂ ನಾಲಿಗೆ ಏಳಲಿಲ್ಲ.

ಇನ್ನು ಅವರ ಉತ್ತರಗಳನ್ನು ಕೇಳಿ. ಅಂದು ಸಂಜೆ: "ಸರ್, ಅದು ನಿಮ್ಮ ಕಡೆಯ ನೆಟ್ ಸಮಸ್ಯೆ." ನೆಟ್ ಕೆಟ್ಟರೆ ಸರಿಯಾಗಿ ನಲವತ್ತನೇ ನಿಮಿಷಕ್ಕೇ ಕೆಡುತ್ತದೆಯೇ ಎಂದು ಕೇಳಿದ್ದಕ್ಕೆ ಮರುದಿನ: "ಸರ್, ಟಿಕೆಟ್ ರೈಸ್ ಮಾಡಿದ್ದೇವೆ" (ದೂರು ದಾಖಲಿಸಿದ್ದೇವೆ ಎಂದರ್ಥ). ಮೂರನೆಯ ದಿನ: "ಸರ್, ದೊಡ್ಡ ಸಭೆಯಿದ್ದರೆ ನೀವು 48 ಗಂಟೆ ಮೊದಲೇ ನಮಗೆ ತಿಳಿಸಬೇಕಿತ್ತು." ನಮ್ಮದೇ ಲೈಸನ್ಸಿನಲ್ಲಿ ನಮ್ಮದೇ ಸಭೆ ನಡೆಸಲು ಇವರಿಗೆ ಏಕೆ ಮೊದಲೇ ತಿಳಿಸಬೇಕು? ಈ ಮಾತಿನಿಂದಲೇ ನನಗೆ ಮೊದಲ ಬಾರಿ ಅನುಮಾನ ಹುಟ್ಟಿದ್ದು.

ಅದೇ ಲೆಕ್ಕದ ಹುಡುಗಿ ನಮ್ಮ ಖಾತೆಯ ಪ್ರೊಫೈಲ್ ಪುಟವನ್ನು ನಾಲ್ಕು ದಿನ, ದಿನಕ್ಕೆ ಮೂರು ಬಾರಿ ತೆರೆದು ಸ್ಕ್ರೀನ್‌ಶಾಟ್ ತೆಗೆದಿಟ್ಟಳು. ಬೆಳಿಗ್ಗೆ "ಲೈಸನ್ಸ್ಡ್" ಎಂದಿದ್ದದ್ದು ಮಧ್ಯಾಹ್ನ "ಬೇಸಿಕ್", ಅಂದರೆ ಉಚಿತ ಆವೃತ್ತಿ, ಆಗುತ್ತಿತ್ತು, ರಾತ್ರಿ ಮತ್ತೆ "ಲೈಸನ್ಸ್ಡ್". ಅಡ್ಮಿನ್ ಆದವನು ಒಬ್ಬ ಬಳಕೆದಾರನಿಂದ ಲೈಸನ್ಸ್ ತೆಗೆದು ಇನ್ನೊಬ್ಬನಿಗೆ ಹಾಕಲು ಇಂಥ ಸೇವೆಗಳಲ್ಲಿ ಅವಕಾಶವಿರುತ್ತದೆ. ನೌಕರ ಕೆಲಸ ಬಿಟ್ಟಾಗ ಬೇಕಾಗುವ ಸೌಲಭ್ಯವದು. ನಮ್ಮ ಮಾರಾಟಗಾರ ಅದನ್ನೇ ಹಿಡಿದು, ಬೆರಳೆಣಿಕೆಯ ಲೈಸನ್ಸುಗಳನ್ನು ಹಲವು ಗಿರಾಕಿಗಳ ನಡುವೆ ಹೊತ್ತಿಗೆ ತಕ್ಕಂತೆ ತಿರುಗಿಸುತ್ತಿದ್ದನೆಂಬುದು ನನ್ನ ತೀರ್ಮಾನ. ಒಂದೇ ಸೈಕಲ್ಲನ್ನು ಹತ್ತು ಜನರಿಗೆ ಮಾರಿ, ಯಾರು ಯಾವಾಗ ತುಳಿಯುತ್ತಾರೆಂದು ನೋಡಿಕೊಂಡು ಕೊಟ್ಟಂತೆ. ಸೇವೆಯ ಕಂಪನಿಯ ಸಹಾಯ ವಿಭಾಗಕ್ಕೆ ಬರೆದರೆ, ನಿಮ್ಮ ಇ-ಮೇಲ್ ಬೇರೊಬ್ಬರ ಖಾತೆಯೊಳಗಿನ ಸಾಮಾನ್ಯ ಬಳಕೆದಾರ ಮಾತ್ರ, ಖಾತೆಯ ಒಡೆಯರನ್ನು ಸಂಪರ್ಕಿಸಿ ಎಂದು ಉತ್ತರ ಬಂತು. ಆ ಕಂಪನಿಯದು ತಪ್ಪಿಲ್ಲ, ಅದಕ್ಕೇ ಅದರ ಹೆಸರೆತ್ತುತ್ತಿಲ್ಲ. ಮಾರಾಟಗಾರನ ಹೆಸರನ್ನು ವಕೀಲರು ಬರೆಯಬೇಡ ಎಂದಿದ್ದಾರೆ.

ಗಾಯಕ್ಕೆ ಉಪ್ಪು ಸವರಿದ್ದು ಜಿಎಸ್‌ಟಿ. ಬಿಲ್ಲಿನಲ್ಲಿ ಶೇ. 18ರಂತೆ 14,040 ರೂಪಾಯಿ ವಸೂಲಿ ಮಾಡಿದವರು ತಮ್ಮ ಜಿಎಸ್‌ಟಿಆರ್-1ರಲ್ಲಿ, ಅಂದರೆ ಮಾರಾಟಗಾರರು ಸಲ್ಲಿಸುವ ಮಾರಾಟದ ವಿವರದಲ್ಲಿ, ಆ ಬಿಲ್ಲನ್ನೇ ತೋರಿಸಿಲ್ಲ. ಆದ್ದರಿಂದ ಕೊಂಡವರ ಖರೀದಿ ತೋರಿಸುವ ನಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಅದು ಬಂದಿಲ್ಲ, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಹೂಡುವಳಿ ತೆರಿಗೆಯ ಜಮೆಯೂ ಸಿಕ್ಕಿಲ್ಲ. ಬಿಲ್ಲನ್ನು ಈಗ ಓದಿದರೆ "ಐ.ಟಿ. ಸೇವೆ, 1" ಎಂದಷ್ಟೇ ಇದೆ. ಎಷ್ಟು ಲೈಸನ್ಸ್, ಎಷ್ಟು ಜನ, ಯಾರ ಇ-ಮೇಲ್, ಒಂದಕ್ಷರವೂ ಇಲ್ಲ. ಸಹಿ ಹಾಕುವಾಗ ನನ್ನ ಕಣ್ಣು ಎಲ್ಲಿತ್ತೋ.

ಗ್ರಾಹಕರ ಆಯೋಗಕ್ಕೆ ಹೋಗೋಣವೆಂದರೆ ಅಲ್ಲಿಯೂ ಬಾಗಿಲು ಕಿರಿದು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರ ಲೆಕ್ಕಕ್ಕೆ ಬರುವುದಿಲ್ಲ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ ಮಾತ್ರ ವಿನಾಯಿತಿ. ಕಾರ್ಖಾನೆಯವನಿಗೆ ಸಿವಿಲ್ ದಾವೆಯೇ ದಾರಿ ಎಂದು ವಕೀಲರು ನೋಟಿಸ್ ಕಳಿಸಿದ್ದಾರೆ.

ಕೊಳ್ಳುವವರು ಕಂಪನಿಯ ಜಾಲತಾಣದಿಂದ ನೇರವಾಗಿ ಕೊಳ್ಳಿ. ಮಧ್ಯವರ್ತಿಯೇ ಬೇಕೆಂದರೆ ಖಾತೆಯ ಒಡೆತನ ನಿಮ್ಮ ಇ-ಮೇಲಿಗೆ ಬಂದ ಮೇಲೆ ಹಣ ಕೊಡಿ, ಒಂದು ರೂಪಾಯಿಯನ್ನೂ ಮೊದಲು ಕೊಡಬೇಡಿ. ಡೆಮೊವನ್ನು ನಿಮ್ಮ ಜನರನ್ನೇ ಕೂರಿಸಿ, ನೂರು ದಾಟುವಷ್ಟು, ಒಂದು ತಾಸು ದಾಟುವಷ್ಟು ನಡೆಸಿ. ಮತ್ತು ಕಚೇರಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ನನ್ನಂತೆ ಗದರಬೇಡಿ.

ನಾವೀಗ ಅದೇ ಸೇವೆಯನ್ನು ನೇರವಾಗಿ ಕೊಂಡಿದ್ದೇವೆ, ಅಡ್ಮಿನ್ ಲಾಗಿನ್ ಆ ಹುಡುಗಿಯ ಕೈಯಲ್ಲಿದೆ. ಆದರೆ ಮೊದಲ ಎರಡು ಸಭೆಗಳ ರೆಕಾರ್ಡಿಂಗ್, ಯಾವ ಡೀಲರಿಗೆ ಎಷ್ಟು ಕಮಿಷನ್ ಎಂಬ ಮಾತೂ ಸೇರಿದಂತೆ, ಮಾರಾಟಗಾರನ ಖಾತೆಯಲ್ಲಿಯೇ ಉಳಿದಿದೆ. ಅಳಿಸಿ ಎಂದು ಮೂರು ಸಲ ಬರೆದಾಯಿತು. ಕೊನೆಯ ಉತ್ತರ: "ಸರ್, ಬಾಕಿ ಇಲ್ಲವೆಂದು ಪತ್ರ ಕೊಟ್ಟು ನೋಟಿಸ್ ಹಿಂತೆಗೆದುಕೊಳ್ಳಿ, ನಂತರ ನೋಡೋಣ."