ಫ್ರೀ ಬಸ್ ಇದ್ದರೂ ದುಡ್ಡು ಕೊಟ್ಟು ಹತ್ತುವ ಬಸ್ಸು: ದಾವಣಗೆರೆ–ದುರ್ಗ ಖಾಸಗಿ ಸರ್ವಿಸ್

ಈ ಬಸ್ಸಿಗೆ ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಮದುವೆ ಸೀಸನ್‌ನಲ್ಲಿ ಕೇಳಿದ್ದರೆ ಎರಡು ಕೊಡುವುದೂ ಕಷ್ಟವಿತ್ತು.

ಕಂಪನಿ ಹೆಸರು ಬರೆಯುವುದಿಲ್ಲ. ನಾಳೆಯೂ ಅದನ್ನೇ ಹತ್ತಬೇಕಲ್ವಾ! ದಾವಣಗೆರೆಯಿಂದ ಆನಗೋಡು, ಭರಮಸಾಗರದ ಮೇಲೆ ಚಿತ್ರದುರ್ಗಕ್ಕೆ ಓಡುವ ಖಾಸಗಿ ಬಸ್ಸುಗಳಲ್ಲಿ ಒಂದು ಅಂದುಕೊಳ್ಳಿ. ಭರಮಸಾಗರ ದಾಟಿದ ಮೇಲೆ ಒಂದು ಹಳ್ಳಿ ಶಾಲೆಯಲ್ಲಿ ನಾನು ಟೀಚರ್. ಕೊರೊನಾಕ್ಕೂ ಮುಂಚಿನಿಂದ ಇದರಲ್ಲೇ ನನ್ನ ಓಡಾಟ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಆಧಾರ್ ತೋರಿಸಿದರೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಅವತ್ತಿನಿಂದ ನಮ್ಮ ಅತ್ತೆಯವರದು ಒಂದೇ ಪ್ರಶ್ನೆ: "ಫ್ರೀ ಬಸ್ ಇರುವಾಗ ಸುಮ್ನೆ ಯಾಕಮ್ಮ ದುಡ್ಡು ಹಾಳು ಮಾಡ್ತೀಯ?" ಅವರು ಕೇಳುವುದು ಸರಿಯೇ. ದುರ್ಗಕ್ಕೋ ಬೆಂಗಳೂರಿಗೋ ಹೋಗುವಾಗ ನಾನೂ ಸರ್ಕಾರಿ ಬಸ್ಸನ್ನೇ ಹತ್ತುತ್ತೇನೆ. ಎಕ್ಸ್‌ಪ್ರೆಸ್ ಆದರೆ ಆರಾಮಾಗಿ ಹೋಗಬಹುದು. ರೈಲಿನ ಮಾತೇ ಬೇಡ. ಇಲ್ಲಿಂದ ದುರ್ಗಕ್ಕೆ ರೈಲಲ್ಲಿ ಹೋಗಬೇಕೆಂದರೆ ಚಿಕ್ಕಜಾಜೂರು ಸುತ್ತಬೇಕು.

ಆದರೆ ದಿನದ ಕೆಲಸಕ್ಕೆ ನನಗೆ ಬೇಕಾದದ್ದು ನಮ್ಮ ಶಾಲೆ ಕ್ರಾಸ್‌ನಲ್ಲಿ ನಿಲ್ಲುವ ಬಸ್ಸು. ಹೈವೇಯಲ್ಲಿ ಸೀದಾ ಹೋಗುವ ಬಸ್ಸಿಗೆ ನಮ್ಮ ಕ್ರಾಸ್ ಲೆಕ್ಕಕ್ಕೇ ಇಲ್ಲ. ಅದು ಅದರ ತಪ್ಪೂ ಅಲ್ಲ, ದೂರದ ಜನ ಕೂತಿರುತ್ತಾರೆ. ಖಾಸಗಿ ಬಸ್ಸಿನವರಿಗೆ ಹಾಗಲ್ಲ, ಒಬ್ಬೊಬ್ಬ ಪ್ಯಾಸೆಂಜರೂ ಕಲೆಕ್ಷನ್. ಸರ್ವಿಸ್ ರಸ್ತೆಗೆ ಇಳಿದು ಊರೂರು ಮುಟ್ಟಿಕೊಂಡೇ ಹೋಗುತ್ತಾರೆ. ಹೊಲದ ಬದುವಿನಲ್ಲಿ ಅಜ್ಜಿಯೊಬ್ಬಳು ಚೀಲ ಹೊತ್ತು ಓಡಿ ಬರುತ್ತಿದ್ದರೆ ಬಾಗಿಲಲ್ಲಿ ನಿಂತ ಕ್ಲೀನರ್ ಬಸ್ಸಿನ ತಗಡಿಗೆ ಎರಡೇಟು ಬಡಿದು "ಹೋಲ್ಡಾನ್" ಅನ್ನುತ್ತಾನೆ. ಅಜ್ಜಿ ಹತ್ತುವವರೆಗೆ ಬಸ್ಸು ಅಲ್ಲಾಡುವುದಿಲ್ಲ. ನಾನು ಎರಡು ನಿಮಿಷ ಲೇಟಾದ ದಿನವೂ "ಟೀಚರಮ್ಮ ಬಂದಿಲ್ಲ, ತಡೀರಿ" ಅಂತ ಡ್ರೈವರಿಗೆ ಕೂಗಿದ್ದು ಇದೇ ಕಂಡಕ್ಟರು. ಹೆಡ್‌ಮಾಸ್ಟರ್ ಕೈಯಲ್ಲಿ ಬೈಸಿಕೊಳ್ಳುವುದು ಇದರಿಂದ ಎಷ್ಟು ಸಲ ತಪ್ಪಿದೆಯೋ.

ಇನ್ನೊಂದು ಅನುಕೂಲ ಪಾರ್ಸೆಲ್. ಇದಕ್ಕೆ ರಸೀದಿ ಇಲ್ಲ, ಆ್ಯಪ್ ಇಲ್ಲ. ದಾವಣಗೆರೆ ಆಸ್ಪತ್ರೆಗಳ ಲ್ಯಾಬ್ ರಿಪೋರ್ಟು, ಮಾತ್ರೆ, ಪಂಪ್‌ಸೆಟ್ಟಿನ ಸ್ಪೇರು ಎಲ್ಲಾ ಡ್ರೈವರ್ ಪಕ್ಕದ ಬಾನೆಟ್ ಮೇಲೆ ಬರುತ್ತವೆ. ಮಂಡಕ್ಕಿ ಚೀಲ ಟಾಪ್ ಮೇಲೆ. ಹೋದ ವರ್ಷ ಶಾಲೆಯಲ್ಲಿ ನನ್ನ ಕನ್ನಡಕದ ಕಾಲು ಮುರಿಯಿತು. ಮಧ್ಯಾಹ್ನದ ಟ್ರಿಪ್ಪಿಗೆ ಕಳಿಸಿದೆ. ಅಂಗಡಿಯವರು ಸ್ಕ್ರೂ ಹಾಕಿ ವಾಪಸ್ ಕೊಟ್ಟರು, ಸಂಜೆ ನಾಲ್ಕಕ್ಕೆಲ್ಲ ಕ್ರಾಸ್‌ನಲ್ಲಿ ಕೈಗೆ ಬಂತು. ಕಂಡಕ್ಟರಿಗೆ ಇಪ್ಪತ್ತು ರೂಪಾಯಿ. ಬಾಕ್ಸಿಗೆ ಪೇಪರ್ ಸುತ್ತಿ ಮೇಲೆ "ಟೀಚರ್, ಕ್ರಾಸ್" ಅಂತ ಅವರೇ ಬರೆದಿದ್ದರು.

ಈಗ ಬೈಗುಳ. ಖಾಸಗಿ ಬಸ್ಸಿಗೆ ಪರ್ಮಿಟ್ಟಿನಲ್ಲಿ ರೂಟಿನ ಜೊತೆಗೆ ಟೈಮೂ ನಿಗದಿ. ಇವರು ಬಿಟ್ಟ ಸ್ವಲ್ಪ ಹೊತ್ತಿಗೆ ಹಿಂದೆ ಇನ್ನೊಬ್ಬರ ಟೈಮು. ಹಾಗಾಗಿ ಸ್ಟ್ಯಾಂಡಿನಲ್ಲಿ ಏಜೆಂಟ್ "ದುರ್ಗ ದುರ್ಗ ದುರ್ಗ" ಅಂತ ಕೂಗುತ್ತಾ ಕೊನೆ ನಿಮಿಷದವರೆಗೂ ಜನ ತುಂಬುತ್ತಾನೆ. ಊರು ಬಿಡುವವರೆಗೆ ತೆವಳಿಕೊಂಡು ಹೋಗುತ್ತಾರೆ. ಹಿಂದಿನ ಬಸ್ಸು ಕನ್ನಡಿಯಲ್ಲಿ ಕಂಡರೆ ಸಾಕು, ಹೆಬ್ಬಾಳು ಟೋಲ್ ದಾಟಿದ ಮೇಲೆ ಓಡಿಸುವ ಓಟ ನೋಡಬೇಕು. ನಿಂತವರು ಕಂಬಿ ಬಿಡುವ ಹಾಗಿಲ್ಲ. ಒಮ್ಮೆ ನಾನೇ ಜೋರಾಗಿ ಕೂಗಾಡಿದ್ದೇನೆ. ಒಂದು ವಾರ ಸರಿಯಾಗಿ ಓಡಿಸಿದರು. ಆಮೇಲೆ ಮತ್ತೆ ಅದೇ.

ಇದಕ್ಕಿಂತ ದೊಡ್ಡ ಕಾಟ ಮದುವೆ. ಲಗ್ನ ಜಾಸ್ತಿ ಇರುವ ದಿನ ನಮ್ಮ ಬಸ್ಸು ಬರುವುದೇ ಇಲ್ಲ. ಮುಂದೆ ಬಾಳೆಕಂದು ಕಟ್ಟಿಕೊಂಡು ಯಾರದೋ ದಿಬ್ಬಣ ಹೊತ್ತು ಹೋಗಿರುತ್ತದೆ. ಅವರಿಗೆ ಒಂದೇ ದಿನಕ್ಕೆ ಒಳ್ಳೆ ಬಾಡಿಗೆ, ನಮಗೆ ಕ್ರಾಸ್‌ನಲ್ಲಿ ಬಿಸಿಲು. ಹಿಂದಿನ ದಿನ ಒಂದು ಮಾತು ಹೇಳಬಾರದೇ? ಕೇಳಿದರೆ "ಓನರ್ ರಾತ್ರಿ ಫೋನ್ ಮಾಡಿದ್ರು ಮೇಡಂ" ಅಂತಾರೆ. ಅರ್ಧ ಸ್ಟಾರ್ ಅಲ್ಲ, ಪೂರಾ ಒಂದು ಸ್ಟಾರ್ ಕಳೆದದ್ದು ಇದಕ್ಕೇ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಇರುವುದು ನನ್ನ ಪುಣ್ಯ. ಬ್ಯಾಂಕಿಗೆ, ಆಸ್ಪತ್ರೆ ಡ್ಯೂಟಿಗೆ ಹೋಗುವವರ ಪಾಡು ಕೇಳಬೇಡಿ.

ಟಿಕೆಟ್ ಮೆಷಿನ್ ಬಂದಿದೆ, ಕೇಳಿದರೆ ಮಾತ್ರ ಹರಿದು ಕೊಡುತ್ತಾರೆ. ಕೇಳಿ ತೆಗೆದುಕೊಳ್ಳಿ. ಫೋನ್‌ಪೇ ನಡೆಯುತ್ತದೆ, ಅದರಿಂದ ಚಿಲ್ಲರೆ ಜಗಳ ಮುಗಿದಿದೆ. ಮೊದಲು ಟಿಕೆಟ್ ಹಿಂದೆ "5" ಅಂತ ಬರೆದು ವೃತ್ತ ಹಾಕಿ ಕೊಟ್ಟರೆ ಆ ಐದು ರೂಪಾಯಿ ಹೋದ ಹಾಗೆಯೇ. ಶಕ್ತಿ ಬಂದ ಮೇಲೆ ಹೆಂಗಸರು ಕಡಿಮೆಯಾಗಿದ್ದಾರೆ. ನಮಗಂತೂ ಸೀಟು ಸಿಗುವುದು ಸಲೀಸು. ಆದರೆ ಕಲೆಕ್ಷನ್ ಇಳಿದಿದೆ ಅಂತ ಮಧ್ಯಾಹ್ನದ ಒಂದು ಟ್ರಿಪ್ ನಿಲ್ಲಿಸಿದರು. ಪರೀಕ್ಷೆ ಸಮಯದಲ್ಲಿ ಅರ್ಧ ದಿನ ಶಾಲೆ ಇದ್ದಾಗ ಅದರ ಕೊರತೆ ಕಾಣುತ್ತದೆ.

ಹೊಸದಾಗಿ ಹತ್ತುವವರಿಗೆ ಒಂದು ಮಾತು. ಬಲಗಡೆ, ಡ್ರೈವರ್ ಸಾಲಿನಲ್ಲಿ ಕೂರಿ. ಬೆಳಿಗ್ಗೆ ದುರ್ಗದ ಕಡೆ ಹೋಗುವಾಗಲೂ ಸಂಜೆ ವಾಪಸ್ ಬರುವಾಗಲೂ ಬಿಸಿಲು ಹೊಡೆಯುವುದು ಎಡಗಡೆಗೇ. ಚಕ್ರದ ಮೇಲಿನ ಸೀಟು ಬೇಡ, ಮೊಣಕಾಲು ಗದ್ದಕ್ಕೆ ಬರುತ್ತದೆ. ಶನಿವಾರ ಲಗ್ನದ ಮುಹೂರ್ತ ಇದೆಯಾ ಅಂತ ಶುಕ್ರವಾರವೇ ಕ್ಯಾಲೆಂಡರ್ ನೋಡಿಕೊಳ್ಳಿ, ಕಂಡಕ್ಟರ್ ನಂಬರ್ ಇಟ್ಟುಕೊಳ್ಳಿ.