ಈರುಳ್ಳಿ ಸಿಪ್ಪೆ ತೋರ್ಸೋಕೆ ಮೂರು ಮೈಕ್ರೋಸ್ಕೋಪು, ನನ್ನ ಓಟು ಕಾಗದದ್ದಕ್ಕೇ

ಮೊದ್ಲೇ ಹೇಳ್ಬಿಡ್ತೀನಿ, ನನಗೆ ಇಷ್ಟ ಆಗಿರೋದು ಕಾಗದ ಮಡಚಿ ಮಾಡ್ಕೊಳ್ಳೋ ಫೋಲ್ಡ್‌ಸ್ಕೋಪು. ಆದ್ರೆ ಅದಕ್ಕೂ ಮುಂಚೆ ಆನ್‌ಲೈನಲ್ಲಿ ಒಂದು ಯುಎಸ್‌ಬಿ ಡಿಜಿಟಲ್ ಮೈಕ್ರೋಸ್ಕೋಪಿಗೆ ಕೈಯಿಂದ 1,900 ರೂಪಾಯಿ ಹಾಕಿದ್ದೆ. ಬೇರೆ ಟೀಚರ್‌ಗಳಿಗೆ ಹಂಗಾಗೋದು ಬೇಡ ಅಂತ ಇದನ್ನ ಬರೀತಿದೀನಿ. ನಾನು ಪಾಂಡವಪುರ ತಾಲೂಕಿನ ಒಂದು ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಡ್ತೀನಿ, ಒಂಬತ್ತನೇ ಕ್ಲಾಸಲ್ಲಿ 38 ಮಕ್ಕಳು, ಪೀರಿಯಡ್ಡು 40 ನಿಮಿಷ.

ಸ್ಕೂಲಲ್ಲಿ ಮುಂಚಿಂದ ಇದ್ದಿದ್ದು ಒಂದೇ ಒಂದು ಕಾಂಪೌಂಡ್ ಮೈಕ್ರೋಸ್ಕೋಪು, ಅಂದ್ರೆ ಕಣ್ಣಿನ ಕಡೆ ಒಂದು, ಸ್ಲೈಡಿನ ಕಡೆ ಒಂದು ಲೆನ್ಸು, ಕೆಳಗಡೆ ಕನ್ನಡಿ ಇರೋದು. ನೋಟ ಸ್ಪಷ್ಟವಾಗಿರೋ ವಿಷ್ಯದಲ್ಲಿ ಉಳಿದೆರಡೂ ಅದರ ಹತ್ರಕ್ಕೂ ಬರಲ್ಲ. ಆದ್ರೆ ಲೆಕ್ಕ ಹಾಕಿ ನೋಡಿ, ಸ್ಲೈಡ್ ಮಾಡೋಕೆ 10 ನಿಮಿಷ ಹೋಯ್ತು ಅಂದ್ರೆ ಉಳಿದ 30 ನಿಮಿಷದಲ್ಲಿ 38 ಮಕ್ಕಳು, ಒಬ್ಬೊಬ್ರಿಗೆ 47 ಸೆಕೆಂಡು. ಐಪೀಸಿಗೆ ಕಣ್ಣು ಹೊಂದ್ಕೊಳ್ಳೋಷ್ಟರಲ್ಲೇ ಹಿಂದಿರೋನು ತಳ್ತಾನೆ. ಯಾರಾದ್ರೂ 45 ಪಟ್ಟಿನ ಆಬ್ಜೆಕ್ಟಿವ್ (ಸ್ಲೈಡಿನ ಕಡೆ ಲೆನ್ಸು) ಇಟ್ಕೊಂಡು ದೊಡ್ಡ ನಾಬ್ ತಿರುಗಿಸಿದ್ರೆ ಸ್ಲೈಡ್ ಮೇಲೆ ಮುಚ್ಚೋ ತೆಳು ಗಾಜು, ಕವರ್ ಸ್ಲಿಪ್, ಪಟ್ ಅಂತ ಒಡೆಯುತ್ತೆ, ಮತ್ತೆ ಹೊಸ ಸ್ಲೈಡು.

ಅದಕ್ಕೇ ಯುಎಸ್‌ಬಿದು ನೋಡಿದ ತಕ್ಷಣ ಆಸೆ ಆಗಿದ್ದು. ಲ್ಯಾಪ್‌ಟಾಪಿಗೆ ಸಿಗಿಸಿ ಸ್ಮಾರ್ಟ್ ಕ್ಲಾಸ್ ಟೀವಿಲಿ ಹಾಕಿದ್ರೆ 38 ಜನಾನೂ ಒಟ್ಟಿಗೆ ನೋಡ್ಬೋದಲ್ಲ ಅಂತ. ಡಬ್ಬದ ಮೇಲೆ 1000 ಪಟ್ಟು ಅಂತ ಬರೆದಿತ್ತು. ಹಿಂದಿನ ರಾತ್ರಿ ನಿದ್ದೆನೂ ಸರಿಯಾಗಿ ಬರ್ಲಿಲ್ಲ ನನಗೆ, ಅಷ್ಟು ಖುಷಿ ಇತ್ತು. ಬೆಳಗ್ಗೆ ಈರುಳ್ಳಿ ಸಿಪ್ಪೆ ಎಳೆದು, ಸಾಫ್ರನಿನ್ ಅನ್ನೋ ಕೆಂಪು ಬಣ್ಣ ಹಾಕಿ, ಸ್ಲೈಡ್ ಕೆಳಗಿಟ್ಟು ಟೀವಿ ಆನ್ ಮಾಡಿದ್ರೆ ಸ್ಕ್ರೀನಲ್ಲಿ ಬಂದಿದ್ದು ಎಂಟು ಬಿಳಿ ಚುಕ್ಕೆ, ಹಿಂದೆ ಏನೋ ತೆಳು ಗುಲಾಬಿ ಬಣ್ಣ. "ಮಿಸ್, ಲೈಟು ಕಾಣ್ತಾ ಅದೆ ಮಿಸ್" ಅಂದ ಮುಂದಿನ ಬೆಂಚಿನ ಹುಡುಗ. ಅವನು ಹೇಳಿದ್ದು ಸರಿಯಾಗೇ ಇತ್ತು.

ಕಾರಣ ಆಮೇಲೆ ತಿಳೀತು. ಈ ತರದವುಗಳಲ್ಲಿ ಲೆನ್ಸ್ ಸುತ್ತ ಎಲ್‌ಇಡಿ ಉಂಗುರ ಇರುತ್ತೆ, ಬೆಳಕು ಮೇಲಿಂದ ಬೀಳುತ್ತೆ. ಈರುಳ್ಳಿ ಸಿಪ್ಪೆ ಪಾರದರ್ಶಕ, ಅದರ ಕೋಶಗಳು ಕಾಣ್ಬೇಕು ಅಂದ್ರೆ ಬೆಳಕು ಕೆಳಗಿಂದ ಅದರೊಳಗೆ ಹಾದು ಬರ್ಬೇಕು, ಮೇಲಿಂದ ಬಿಟ್ರೆ ಕವರ್ ಸ್ಲಿಪ್ ಗಾಜು ಅದನ್ನ ಕನ್ನಡಿ ತರ ವಾಪಸ್ ಕಳ್ಸುತ್ತೆ ಅಷ್ಟೇ. ನಾನು ಎಲ್‌ಇಡಿ ಆಫ್ ಮಾಡಿ, ಗಾಜಿನ ಲೋಟದೊಳಗೆ ಮೊಬೈಲ್ ಟಾರ್ಚ್ ಇಟ್ಟು, ಮೇಲೊಂದು ಬಿಳಿ ಹಾಳೆ, ಅದರ ಮೇಲೆ ಸ್ಲೈಡ್ ಇಟ್ಟು ನೋಡಿದೆ. ಗೆರೆಗಳೇನೋ ಕಾಣಿಸಿದ್ವು, ಆದ್ರೆ ಫೋಕಸ್ ಚಕ್ರ ಮುಟ್ಟಿದ್ರೆ ಸಾಕು ಸ್ಟ್ಯಾಂಡ್ ಅಲ್ಲಾಡಿ ಚಿತ್ರ ಟೀವಿಯಿಂದಾನೇ ಆಚೆ ಹೋಗೋದು, ಕೈ ಬಿಟ್ರೆ ಇನ್ನೊಂದ್ಕಡೆ ಬಂದು ನಿಲ್ಲೋದು. ಅಷ್ಟೊತ್ತಿಗೆ ಬೆಲ್ ಹೊಡೀತು. ಆ ದಿನ ಸ್ಟಾಫ್ ರೂಮಲ್ಲಿ ಕೂತು ನಿಜವಾಗ್ಲೂ ಬೇಜಾರು ಮಾಡ್ಕೊಂಡೆ, ಮಕ್ಕಳು ಮನೆಯಿಂದ ಈರುಳ್ಳಿ ತಂದಿದ್ರು ಪಾಪ.

ಆ 1000 ಪಟ್ಟು ಅನ್ನೋದೂ ನಂಬ್ಬೇಡಿ. ಅದ್ರಲ್ಲಿ ಬಹುಪಾಲು ಸ್ಕ್ರೀನಲ್ಲಿ ಚಿತ್ರ ಹಿಗ್ಗಿಸೋದು, ಮೊಬೈಲಲ್ಲಿ ಫೋಟೋ ಜೂಮ್ ಮಾಡಿದ ಹಾಗೆ, ಹೊಸದಾಗಿ ಏನೂ ಕಾಣಲ್ಲ. ಈರುಳ್ಳಿ ಕೋಶಕ್ಕೆ ಅಷ್ಟೆಲ್ಲ ಬೇಕಾಗೂ ಇಲ್ಲ, 100 ಪಟ್ಟು ಧಾರಾಳ ಸಾಕು.

ಈಗ ಫೋಲ್ಡ್‌ಸ್ಕೋಪು. ಐಐಟಿ ಕಾನ್ಪುರದಲ್ಲಿ ಓದಿ ಸ್ಟ್ಯಾನ್‌ಫರ್ಡ್‌ನಲ್ಲಿರೋ ಮನು ಪ್ರಕಾಶ್ ಮತ್ತೆ ಅವರ ಜೊತೆಯವರು ಮಾಡಿದ್ದು, 2014ರಲ್ಲಿ ಜಗತ್ತಿಗೆಲ್ಲ ಗೊತ್ತಾಯ್ತು. ಒಳಗಿರೋದು ಒಂದೇ ಒಂದು ಪುಟಾಣಿ ಗಾಜಿನ ಗುಂಡು ಲೆನ್ಸು, 140 ಪಟ್ಟು. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ 1670ರ ದಶಕದಲ್ಲಿ ನೀರಿನ ಹನಿಯೊಳಗಿನ ಜೀವಿಗಳನ್ನ ನೋಡಿದ್ದೂ ಹಿಂಗೇ ಒಂದೇ ಲೆನ್ಸಲ್ಲಿ. ಇದನ್ನ ಮಕ್ಕಳಿಗೆ ಹೇಳಿದಾಗ ಅವರು ಕೈಯಲ್ಲಿರೋ ಕಾಗದನ ನೋಡೋ ರೀತಿನೇ ಬದಲಾಗುತ್ತೆ. ಎರಡು ವರ್ಷದಲ್ಲಿ 10 ಸೇರಿಸಿದೀನಿ, ಅರ್ಧ ದುಡ್ಡು ಹಳೇ ವಿದ್ಯಾರ್ಥಿಗಳು ಹಾಕಿದ್ರು. ನಾಲ್ಕು ಜನಕ್ಕೊಂದು ಅಂದ್ರೆ ಒಬ್ಬೊಬ್ರಿಗೆ ಏಳು ನಿಮಿಷದ ಮೇಲೇ ಸಿಗುತ್ತೆ, 47 ಸೆಕೆಂಡ್ ಅಲ್ಲ. ಮಡಚೋಕೆ ಮೊದಲ ಸಲ ಒಂದು ಪೀರಿಯಡ್ ಪೂರ್ತಿ ಹೋಯ್ತು. ಕಣ್ಣಿಗೆ ತೀರಾ ಹತ್ರ ಹಿಡೀಬೇಕು, ಕನ್ನಡಕ ಹಾಕೋ ಮಕ್ಕಳು ತೆಗೆದು ನೋಡ್ಬೇಕು. ಕಿಟಕಿ ಕಡೆಗೋ ಬಿಳಿ ಗೋಡೆ ಕಡೆಗೋ ಹಿಡಿಸಿ, ಸೂರ್ಯನ ಕಡೆಗೆ ಮಾತ್ರ ಯಾವತ್ತೂ ಬೇಡ, ಇದನ್ನ ಮೂರು ಸಲ ಹೇಳಿ.

ಅದನ್ನ ಮನೆಗೆ ಕಳಿಸ್ಬೋದು, ನನಗೆ ಅದೇ ಮುಖ್ಯ. ಒಬ್ಬ ಹುಡುಗಿ ಹಸುಗೆ ಹಾಕೋಕೆ ಮನೇಲಿ ಟಾರ್ಪಾಲ್ ತೊಟ್ಟಿಲಿ ಬೆಳೆಸಿರೋ ಅಜೋಲಾ ಅನ್ನೋ ನೀರಲ್ಲಿ ತೇಲೋ ಪುಟ್ಟ ಜರೀಗಿಡ ತಂದ್ಲು. ಎಲೆನ ಒಂದು ಹನಿ ನೀರಲ್ಲಿ ಅರೆದು ನೋಡಿದ್ರೆ ಸಣ್ಣ ಸಣ್ಣ ಮಣಿ ಪೋಣಿಸಿದ ಹಾಗೆ ಹಸಿರು ಎಳೆಗಳು. ಅದು ಅನಾಬೀನಾ ಅನ್ನೋ ನೀಲಿ-ಹಸಿರು ಬ್ಯಾಕ್ಟೀರಿಯಾ, ಅಜೋಲಾ ಎಲೆಯ ಪೊಳ್ಳಿನೊಳಗೇ ಇದ್ಕೊಂಡು ಗಾಳಿಯ ಸಾರಜನಕ ಹಿಡಿದು ಕೊಡೋದು. ಅವರಪ್ಪ ಭತ್ತದ ಗದ್ದೆಗೂ ಅಜೋಲಾ ಬಿಡ್ತಾರಂತೆ, "ಇದಕ್ಕೇನಾ ಮಿಸ್ ಗೊಬ್ಬರ ಕಮ್ಮಿ ಸಾಕು ಅನ್ನೋದು" ಅಂತ ಅವಳೇ ಕೇಳಿದ್ಲು. ಆಮೇಲೆ ಅದೇ ಹನಿನ ಕಾಂಪೌಂಡಲ್ಲಿ 450 ಪಟ್ಟಿಗೆ ಇಟ್ವಿ, ಮಣಿಗಳ ಮಧ್ಯೆ ಅಲ್ಲಲ್ಲಿ ಬೇರೆ ತರದ, ಒಸಿ ದೊಡ್ಡ ಮಣಿ ಇರೋದು ಸ್ಪಷ್ಟ ಆಯ್ತು, ಸಾರಜನಕ ಹಿಡಿಯೋದು ಆ ಹೆಟೆರೋಸಿಸ್ಟ್ ಕೋಶಗಳೇ. ಅಂಥದ್ದಕ್ಕೆ ಹಳೇದು ಬೇಕೇ ಬೇಕು.

ಮೊಸರಿನ ಬ್ಯಾಕ್ಟೀರಿಯಾ ತೋರ್ಸ್ತೀನಿ ಅಂತ ಮಕ್ಕಳಿಗೆ ಮಾತು ಕೊಡ್ಬೇಡಿ, ಮೂರರಲ್ಲೂ ಸ್ಪಷ್ಟವಾಗಿ ಕಾಣಲ್ಲ. ಯುಎಸ್‌ಬಿದನ್ನ ನಾನು ಎಸೆದಿಲ್ಲ, ಕಬ್ಬಿನ ಜಲ್ಲೆ ಅಡ್ಡ ಕುಯ್ದು ಅದರಡಿ ಇಟ್ರೆ ನಾಳಕೂರ್ಚಗಳು (ನೀರು, ಆಹಾರ ಸಾಗಿಸೋ ನಾಳಗಳ ಕಟ್ಟು) ಚೆಲ್ಲಾಪಿಲ್ಲಿ ಹರಡಿರೋದು ಟೀವಿಲಿ ಚೆನ್ನಾಗಿ ಕಾಣುತ್ತೆ, ಏಕದಳ ಪಾಠಕ್ಕೆ ಅದೇ. ಬೆಳಕು ದಾಟದೇ ಇರೋ ವಸ್ತುಗೆ ಅದು ಸರಿ.

ನನ್ನ ತರ ಸ್ಕೂಲಲ್ಲಿ ಒಂದು ಕಾಂಪೌಂಡ್ ಆಗ್ಲೇ ಇದ್ದು, ಕೈಯಲ್ಲಿರೋದು ಒಂದೆರಡು ಸಾವಿರ ಮಾತ್ರ ಅಂದ್ರೆ ಎಷ್ಟು ಬರುತ್ತೋ ಅಷ್ಟು ಫೋಲ್ಡ್‌ಸ್ಕೋಪ್ ತಗೊಳ್ಳಿ. ಏನೂ ಇಲ್ದೇ ಇರೋ ಸ್ಕೂಲಾದ್ರೆ ಎಸ್‌ಡಿಎಂಸಿಯವ್ರನ್ನ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯವ್ರನ್ನ ಕೇಳಿ ಮೊದಲು ಕಾಂಪೌಂಡು. ಕವರ್ ಸ್ಲಿಪ್ ಖಾಲಿಯಾದ್ರೆ ಮೈಸೂರಿಗೆ ಹೋಗಿ ತರೋವರೆಗೂ ಕಾಯ್ಬೇಡಿ, ಫೋಲ್ಡ್‌ಸ್ಕೋಪಿಗೆ ಪಾರದರ್ಶಕ ಸೆಲ್ಲೋ ಟೇಪ್ ಅಂಟಿಸಿದ್ರೂ ನಡೆಯುತ್ತೆ, ಗುಳ್ಳೆ ಬರದ ಹಾಗೆ ಒಂದು ಕಡೆಯಿಂದ ನಿಧಾನಕ್ಕೆ ಒತ್ಕೊಂಡು ಬನ್ನಿ.