ಝೊಟೆರೊ: ಥೀಸಿಸ್ ಮುಗಿಯುವ ತನಕ ಬಳಸಿದ ಮೇಲೆ ಅನಿಸಿದ್ದು

ಓದಿದ ಲೇಖನ, ಪುಟಗಳನ್ನು ಉಳಿಸಿಟ್ಟು ಉಲ್ಲೇಖಿಸಲು ನೆರವಾಗುವ ಝೊಟೆರೊ ಎಂಬ ಸಾಫ್ಟ್‌ವೇರನ್ನು ಪಿಎಚ್‌ಡಿಗೆ ಸೇರಿದಾಗಿನಿಂದ ಬಳಸುತ್ತಿದ್ದೇನೆ. ಥೀಸಿಸ್ ಸಲ್ಲಿಸಿ ಆಯಿತು, ಆದರೂ ಬಿಟ್ಟಿಲ್ಲ. ಇದನ್ನು ಹೊಗಳುವವರು ಸಾಮಾನ್ಯವಾಗಿ ರೆಫರೆನ್ಸ್ ಪಟ್ಟಿ ತಾನಾಗಿ ತಯಾರಾಗುತ್ತದೆ ಎನ್ನುತ್ತಾರೆ. ಅದು ನಿಜವೇ. ಆದರೆ ಅಲ್ಪವಿರಾಮ, ಓರೆ ಅಕ್ಷರಗಳನ್ನು ಕೂತು ಕೈಯಲ್ಲೂ ಸರಿಮಾಡಬಹುದು. ಮಾಯವಾದ ವೆಬ್ ಪುಟವನ್ನು ಹಾಗೆ ವಾಪಸ್ ತರಲು ಆಗುವುದಿಲ್ಲ ಅಲ್ವಾ? ನನಗೆ ಝೊಟೆರೊ ಉಪಯೋಗಕ್ಕೆ ಬಂದಿದ್ದು ಮುಖ್ಯವಾಗಿ ಅಲ್ಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದರಿಂದ ಬಂದ ಸಾಫ್ಟ್‌ವೇರ್. ಮೊದಲು ಫೈರ್‌ಫಾಕ್ಸ್ ಒಳಗೆ ಮಾತ್ರ ಓಡುತ್ತಿತ್ತು. ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಬೇರೆಯೇ ಆ್ಯಪ್ ಇದೆ. ಉಚಿತ, ಓಪನ್ ಸೋರ್ಸ್.

ಬ್ರೌಸರ್‌ನಲ್ಲಿ ಇದರ ಬಟನ್ ಹಾಕಿಕೊಂಡರೆ, ಓದುತ್ತಿರುವ ಪುಟವನ್ನು ಒಂದೇ ಕ್ಲಿಕ್‌ನಲ್ಲಿ ಉಳಿಸಬಹುದು. ಶೀರ್ಷಿಕೆ, ಲೇಖಕರು, ವಿಳಾಸ ಬರುತ್ತವೆ. ಪುಟ ನೋಡಿದ ದಿನಾಂಕವೂ ದಾಖಲಾಗುತ್ತದೆ. ಜೊತೆಗೆ ಆ ಪುಟದ ಪೂರ್ತಿ ಪ್ರತಿ, ಅಂದರೆ ಸ್ನ್ಯಾಪ್‌ಶಾಟ್, ನಮ್ಮ ಕಂಪ್ಯೂಟರಿನಲ್ಲೇ ಕೂರುತ್ತದೆ. 2024ರಲ್ಲಿ ಬಂದ 7ನೇ ಆವೃತ್ತಿಯಿಂದ ಸ್ನ್ಯಾಪ್‌ಶಾಟ್ ಮೇಲೆಯೇ ಗೆರೆ ಎಳೆದು ಟಿಪ್ಪಣಿ ಬರೆಯಬಹುದು.

ಇದರ ಬೆಲೆ ಗೊತ್ತಾಗಿದ್ದು ಎರಡನೇ ಅಧ್ಯಾಯ ತಿದ್ದುವಾಗ. ಒಂದು ಸಂಸ್ಥೆಯ ಪುಟದಿಂದ ಅಂಕಿಗಳ ಕೋಷ್ಟಕ ತೆಗೆದುಕೊಂಡಿದ್ದೆ. "ಈ ಅಂಕಿ ಎಲ್ಲಿದೆ, ತೋರಿಸಿ" ಎಂದರು ನಮ್ಮ ಗೈಡ್ ಮೇಡಂ. ಕೊಂಡಿ ಒತ್ತಿದರೆ ಪುಟವೇನೋ ತೆರೆಯಿತು, ಆದರೆ ಅದು ಸಂಸ್ಥೆಯ ಮುಖಪುಟ. ವೆಬ್‌ಸೈಟನ್ನು ಹೊಸದಾಗಿ ಕಟ್ಟಿ ಹಳೆಯ ವಿಳಾಸಗಳನ್ನೆಲ್ಲ ಅಲ್ಲಿಗೇ ತಿರುಗಿಸಿದ್ದರು. 'ಪುಟ ಸಿಗಲಿಲ್ಲ' ಎಂಬ ಸಂದೇಶ ಬಂದರೆ ಕೊಂಡಿ ಸತ್ತಿದೆ ಎಂದಾದರೂ ತಿಳಿಯುತ್ತದೆ. ಇಲ್ಲಿ ಅದೂ ಇಲ್ಲ. ಝೊಟೆರೊದಲ್ಲಿದ್ದ ಸ್ನ್ಯಾಪ್‌ಶಾಟ್ ತೆರೆದೆ. ಕೋಷ್ಟಕ, ಕೆಳಗಿನ ಅಡಿಟಿಪ್ಪಣಿ, ನಾನು ನೋಡಿದ ದಿನಾಂಕ ಎಲ್ಲವೂ ಇತ್ತು. ಮಾತು ಅಲ್ಲಿಗೇ ಮುಗಿಯಿತು.

ಇದು ಅಪರೂಪದ ತೊಂದರೆಯೇನಲ್ಲ. ಹಾರ್ವರ್ಡ್‌ನ ಕಾನೂನು ತಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿ ಕೊಟ್ಟ ವೆಬ್ ಕೊಂಡಿಗಳಲ್ಲಿ ಅರ್ಧದಷ್ಟು ಮೂಲ ಮಾಹಿತಿಗೆ ಕರೆದೊಯ್ಯುತ್ತಿರಲಿಲ್ಲ. ಅವರು ನೋಡಿದ ಕಾನೂನು ಪತ್ರಿಕೆಗಳಲ್ಲಿ ಇದು ಶೇ. 70ಕ್ಕೂ ಹೆಚ್ಚು. ತೀರ್ಪುಗಳ ಗತಿಯೇ ಹೀಗಾದರೆ ನಮ್ಮ ಥೀಸಿಸ್‌ಗಳ ಪಾಡೇನು?

ಒಂದು ಕೊರತೆ ಇದೆ. ಸ್ನ್ಯಾಪ್‌ಶಾಟ್ ಇರುವುದು ನನ್ನ ಹತ್ತಿರ, ಓದುಗರ ಹತ್ತಿರ ಅಲ್ಲ. ಥೀಸಿಸ್ ಓದುವವರಿಗೆ ಸಿಗುವುದು ಅದೇ ಸತ್ತ ಕೊಂಡಿ. ಅದಕ್ಕೇ ಬದಲಾಗಬಹುದಾದ ಪ್ರತಿ ಪುಟವನ್ನೂ ವೆಬ್ ಪುಟಗಳ ಪ್ರತಿಗಳನ್ನು ಎಲ್ಲರಿಗೂ ಸಿಗುವಂತೆ ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಕೊಟ್ಟು, ಅಲ್ಲಿ ಸಿಗುವ ಕೊಂಡಿಯನ್ನು ಝೊಟೆರೊದ ವಿಳಾಸದ ಜಾಗದಲ್ಲಿ ಹಾಕುತ್ತೇನೆ. ಆ ಕೊಂಡಿಯ ಮಧ್ಯೆ 14 ಅಂಕಿಗಳಿರುತ್ತವೆ. ಪುಟ ಉಳಿಸಿದ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಅವು. ಹಿಂದೆಯೇ ಮೂಲ ವಿಳಾಸ ಪೂರ್ತಿ ಇರುತ್ತದೆ. ಹಾಗಾಗಿ ಏನೂ ಕಳೆದುಹೋಗುವುದಿಲ್ಲ. ಲಾಗಿನ್ ಆಗಿ ನೋಡಬೇಕಾದ ಪುಟಗಳಿಗೆ ಮಾತ್ರ ಈ ದಾರಿ ನಡೆಯುವುದಿಲ್ಲ. ಈ ಕೆಲಸ ಝೊಟೆರೊದಲ್ಲೇ ಒಂದು ಬಟನ್ ಒತ್ತಿದರೆ ಆಗುವಂತಿರಬೇಕಿತ್ತು. ನನ್ನ ದೊಡ್ಡ ಆಸೆ ಅದೊಂದೇ.

ಜರ್ನಲ್ ಲೇಖನಗಳಿಗೆ ಇಷ್ಟು ಒದ್ದಾಟ ಬೇಡ. ಅವುಗಳಲ್ಲಿ ಹೆಚ್ಚಿನವಕ್ಕೆ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಇರುತ್ತದೆ. ಝೊಟೆರೊದಲ್ಲಿ ಮೇಲಿರುವ ಮಂತ್ರದಂಡದ ಚಿಹ್ನೆ ಒತ್ತಿ ಅದನ್ನು ಅಂಟಿಸಿದರೆ ವಿವರವೆಲ್ಲ ತಾನೇ ಬರುತ್ತದೆ. ಎಐ ಚಾಟ್‌ಬಾಟ್‌ಗಳು ಕೊಡುವ ರೆಫರೆನ್ಸ್‌ಗಳನ್ನು ಪರೀಕ್ಷಿಸಲು ಈಗ ನನಗೆ ಇದೇ ಮೊದಲ ದಾರಿ. ಸುಳ್ಳು ಡಿಒಐ ಆದರೆ ಏನೂ ಬರುವುದಿಲ್ಲ, ಇಲ್ಲವೇ ಸಂಬಂಧವೇ ಇಲ್ಲದ ಬೇರೆ ಲೇಖನ ಬರುತ್ತದೆ. ಜೂನಿಯರ್‌ಗಳು ಕರಡು ತಂದು ತೋರಿಸಿದಾಗ ನಾನು ಮೊದಲು ಮಾಡುವ ಕೆಲಸ ಇದು.

ರೆಫರೆನ್ಸ್ ಪಟ್ಟಿಯಲ್ಲಿ, ಪುಟ ನೋಡಿದ ದಿನಾಂಕ ಕಾಣದಿದ್ದರೆ ಗಾಬರಿ ಬೇಡ. ಎಪಿಎ ಎಂಬ ಉಲ್ಲೇಖ ಶೈಲಿಯ 7ನೇ ಆವೃತ್ತಿ, ಬದಲಾಗುತ್ತಲೇ ಇರುವ ಪುಟಗಳಿಗೆ ಮಾತ್ರ ಅದನ್ನು ಕೇಳುತ್ತದೆ. ಇನ್ನೊಂದು ಶೈಲಿಯಾದ ಎಂಎಲ್‌ಎಯ 9ನೇ ಆವೃತ್ತಿಯಲ್ಲಿ ಅದು ಐಚ್ಛಿಕ. ಶೈಲಿ ಕೇಳಲಿ ಬಿಡಲಿ, ಝೊಟೆರೊದಲ್ಲಿ ದಿನಾಂಕವನ್ನು ಅಳಿಸಬೇಡಿ.

ಇನ್ನು, ಬಂದ ವಿವರವನ್ನು ಹಾಗೇ ನಂಬಬಾರದು. ಝೊಟೆರೊ ವೆಬ್‌ಸೈಟ್ ಹೇಳಿದ್ದನ್ನೇ ಎತ್ತಿಕೊಳ್ಳುತ್ತದೆ. ಅಲ್ಲಿ ಲೇಖಕರ ಹೆಸರು ಇಲ್ಲದಿದ್ದರೆ ಇಲ್ಲೂ ಖಾಲಿ. ಸಂಸ್ಥೆಯೇ ಲೇಖಕ ಆಗಿರುವಾಗ ಜಾಸ್ತಿ ಎಡವಟ್ಟಾಗುತ್ತದೆ. 'ವರ್ಲ್ಡ್ ಹೆಲ್ತ್ ಆರ್ಗನೈಸೇಶನ್' ಎಂಬುದು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ತುಂಡಾಗಿ ಕೂತರೆ, ಪಟ್ಟಿಯಲ್ಲಿ 'ಆರ್ಗನೈಸೇಶನ್, ಡಬ್ಲ್ಯು. ಎಚ್.' ಎಂದು ಅಚ್ಚಾಗುತ್ತದೆ! ಹೆಸರಿನ ಪಕ್ಕದ ಪುಟ್ಟ ಬಟನ್ ಒತ್ತಿ ಒಂದೇ ಖಾನೆಗೆ ಬದಲಿಸಿದರೆ ಸರಿಹೋಗುತ್ತದೆ. ಮನೆತನದ ಹೆಸರಿಲ್ಲದ ಲೇಖಕರಿಗೂ ಇದೇ ಉಪಾಯ. ಪುಟ ಉಳಿಸಿದ ಕೂಡಲೇ ನೋಡಿಬಿಟ್ಟರೆ ಅರ್ಧ ನಿಮಿಷದ ಕೆಲಸ. ಕೊನೆಗೆ ಮಾಡೋಣ ಎಂದು ಬಿಟ್ಟರೆ ತಲೆನೋವು.

ವರ್ಡ್, ಲಿಬ್ರೆ ಆಫೀಸ್, ಗೂಗಲ್ ಡಾಕ್ಸ್ ಮೂರರಲ್ಲೂ ಉಲ್ಲೇಖ ಸೇರಿಸಬಹುದು. ಶೈಲಿ ಬದಲಿಸಿದರೆ ಇಡೀ ಕಡತದ ಉಲ್ಲೇಖಗಳೆಲ್ಲ ಬದಲಾಗುತ್ತವೆ. ಆದರೆ ಯಾರಾದರೂ ಮಧ್ಯೆ ಉಲ್ಲೇಖವನ್ನು ಸುಮ್ನೆ ಕೈಯಲ್ಲಿ ಟೈಪ್ ಮಾಡಿದರೆ ಝೊಟೆರೊಗೆ ಅದು ಕಾಣುವುದಿಲ್ಲ, ಪಟ್ಟಿಗೂ ಸೇರುವುದಿಲ್ಲ. ಜೊತೆಗೂಡಿ ಬರೆಯುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಉಚಿತ ಆನ್‌ಲೈನ್ ಜಾಗ 300 ಎಂಬಿ ಮಾತ್ರ. ಪಿಡಿಎಫ್, ಸ್ನ್ಯಾಪ್‌ಶಾಟ್ ಸೇರಿದರೆ ಬೇಗ ತುಂಬುತ್ತದೆ. ನಾನು ಫೈಲ್‌ಗಳ ಸಿಂಕ್ ನಿಲ್ಲಿಸಿ, ವಿವರಗಳನ್ನು ಮಾತ್ರ ಸಿಂಕ್‌ಗೆ ಬಿಟ್ಟಿದ್ದೇನೆ. ಆ್ಯಪ್ ಮುಚ್ಚಿ ಝೊಟೆರೊದ ಡೇಟಾ ಫೋಲ್ಡರನ್ನು ಆಗಾಗ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳುತ್ತೇನೆ. ಸ್ನ್ಯಾಪ್‌ಶಾಟ್‌ಗಳೆಲ್ಲ ಅದರಲ್ಲೇ ಇರುವುದರಿಂದ ಆ ಒಂದು ಫೋಲ್ಡರ್ ಸಾಕು.